ಐನೂರಾ ಹತ್ತೊಂಬತ್ತು ಮೀಟರ್, ಒಂದು ಉಸಿರು

ಹಾರ್ಡ್‌ಕೋರ್ ಪಂಕ್ ಹಾಡುವವರು ಏನು ಹೇಳುತ್ತಿದ್ದಾರೆ ಅನ್ನುವುದು ಕೇಳುವವರಿಗೆ ತಿಳಿಯುವುದಿಲ್ಲ ಎಂಬ ದೂರು ಈ ಸಂಗೀತ ಹುಟ್ಟಿದಾಗಿನಿಂದ ಇದೆ. ಒಂದೂವರೆ ನಿಮಿಷದ ಹಾಡು, ನಿಮಿಷಕ್ಕೆ ಇನ್ನೂರರ ಆಸುಪಾಸು ಬಡಿತ, ಕಿವಿ ತುಂಬ ಗಿಟಾರು, ಅದರ ಮೇಲೊಂದು ಕೂಗು. ಎಪ್ಪತ್ತರ ದಶಕದ ಕೊನೆಗೆ ಅಮೆರಿಕದಲ್ಲಿ ಶುರುವಾದಾಗಲೂ ಹೀಗೇ ಇತ್ತು. ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದ ತಗಡಿನ ಶೆಡ್ಡಿನಲ್ಲಿ ನಾವು ನುಡಿಸುವಾಗಲೂ ಹೀಗೇ ಇದೆ. ಬ್ಯಾಂಡಿನಲ್ಲಿ ನಾನು ಬೇಸ್ ನುಡಿಸುತ್ತೇನೆ, ಹಾಡುತ್ತೇನೆ. ಹಾಡುಗಳು ಕನ್ನಡದವು. ಬೆಳಗಾವಿಯ ಕನ್ನಡವಾದ್ದರಿಂದ ಒಂದು ಸಾಲಿನಲ್ಲಿ ಮರಾಠಿ ಬರುತ್ತದೆ, ಇನ್ನೊಂದರಲ್ಲಿ ಉರ್ದು. ಕೇಳಿದವರು ಹೊರಗೆ ಬಂದು, "ಭಾರೀ ಸಿಟ್ಟ ಐತ್ರಿ ನಿಮ್ಮ ಹಾಡಿನ್ಯಾಗ" ಅನ್ನುತ್ತಾರೆ. ಅಷ್ಟು ಮುಟ್ಟುತ್ತದೆ. ಯಾರ ಮೇಲೆ, ಯಾತಕ್ಕೆ ಅನ್ನುವುದು ಶೆಡ್ಡಿನ ತಗಡಿಗೆ ಬಡಿದು ಅಲ್ಲೇ ಉಳಿಯುತ್ತದೆ.

ಇದು ನನಗೆ ಸಣ್ಣ ವಿಷಯವಲ್ಲ. ಹಗಲು ನಾನು ಅದೇ ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಕ್ವಾಲಿಟಿ ವಿಭಾಗದವಳು. ಫೌಂಡ್ರಿಯಲ್ಲಿ ಎರಕ ಹೊಯ್ದು ಬಂದ ಕಾಸ್ಟಿಂಗುಗಳನ್ನು ವರ್ನಿಯರ್ ಹಿಡಿದು ಅಳೆದು, ಡ್ರಾಯಿಂಗಿಗೆ ಹೊಂದಿದ್ದನ್ನು ಒಳಗೆ ಬಿಡುತ್ತೇನೆ, ಹೊಂದದ್ದಕ್ಕೆ ಕೆಂಪು ಬಣ್ಣ ಹಚ್ಚಿ ವಾಪಸು ಕಳಿಸುತ್ತೇನೆ. ಆ ಕೆಲಸದ ಸುತ್ತ ಕಂಡದ್ದನ್ನೇ ಸಂಜೆ ಹಾಡುತ್ತೇನೆ. ಅದು ಬರೀ ಸದ್ದಾಗಿ ಮುಗಿಯುವುದಕ್ಕೆ ನಾನು ಬರೆಯುತ್ತಿಲ್ಲ.

ಹೀಗಿರುವಾಗ ಬಾಗಲಕೋಟೆಯ ಒಬ್ಬ ರ‍್ಯಾಪರ್‌ನ ಹಾಡು ಫೋನಿಗೆ ಬಂತು. ಯಾರೋ ಡ್ರಮ್ಮರನಿಗೆ ಕಳಿಸಿದ್ದು, ಅವನು ನನಗೆ ಕಳಿಸಿದ. ರ‍್ಯಾಪರ್‌ನ ಹೆಸರು ಇಲ್ಲಿ ಬರೆಯುವುದಿಲ್ಲ, ಅವರಿಗೆ ಅದು ಬೇಕಾಗಿಲ್ಲ. ಹಾಡಿನ ಜೊತೆ ಮುಖ ಹಾಕುವುದಿಲ್ಲ, ವೀಡಿಯೋ ಮಾಡುವುದಿಲ್ಲ, ದುಡ್ಡು ಕೇಳುವುದಿಲ್ಲ. ಕೇಳುವ ನಾಲ್ಕು ಮಂದಿ "ನವನಗರದಾಂವ" ಅನ್ನುತ್ತಾರೆ, ಅಷ್ಟೇ ಗುರುತು. ಸಿನಿಮಾದ ಪಾರ್ಟಿ ಹಾಡುಗಳಲ್ಲಿ ಕಾರಿನ ಹೆಸರು, ಬಾಟಲಿಯ ಹೆಸರು ಎಣಿಸುವ ರ‍್ಯಾಪ್ ಕನ್ನಡದಲ್ಲಿ ಸಾಕಷ್ಟಿದೆ. ಅದರಿಂದ ನನಗೆ ಏನೂ ಸಿಕ್ಕಿಲ್ಲ. ಈ ಹಾಡು ಬೇರೆ ಕಡೆಯಿಂದ ಬಂದಿತ್ತು.

ಶುರುವಿಗೆ ಹಲಗಿ, ತಮಟೆಯಂಥ ಚರ್ಮವಾದ್ಯ. ನಾಲ್ಕು ಸುತ್ತು ಬರೀ ಹಲಗಿ. ಆಮೇಲೆ ಅದರ ಕೆಳಗೆ ದಪ್ಪನೆಯ ಒಂದು ಬೇಸ್ ಸೇರಿಕೊಳ್ಳುತ್ತದೆ, ಆಮೇಲೆ ದನಿ. ಕೂಗಿಲ್ಲ. ರೇಶನ್ ಅಂಗಡಿಯಲ್ಲಿ ಕಾರ್ಡಿನ ನಂಬರ್ ಓದುವವನ ದನಿ.

"ಐನೂರಾ ಹತ್ತೊಂಬತ್ತಕ್ಕ ಅಜ್ಜನ ಹಿತ್ತಲ ಹೋತು,
ಪಾಯಿಂಟ್ ಆರಕ್ಕ ಹಿತ್ತಲದ ಬಾವಿ.
ಐನೂರಾ ಇಪ್ಪತ್ನಾಕಕ್ಕ ಯಾರ ಪಾಳಿ, ಸಾಹೇಬ್ರ?
ಟೇಪ ಹಿಡದ ನಿಂತೀವಿ, ಹೇಳ್ರಿ ನೀವು."

ಈ ಅಂಕಿಗಳನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಅಲ್ಲಿ ಈಗ ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೆ ಬಂದು ಹಳೆಯ ಬಾಗಲಕೋಟೆಯ ಭಾಗಗಳನ್ನು ತೆಗೆದುಕೊಂಡಿತು. ಮನೆ ಕಳಕೊಂಡವರಿಗೆಂದು ಕಟ್ಟಿದ ಊರೇ ನವನಗರ. ಅಲ್ಲಿ ಓಣಿಗಳಿಗೆ ಹೆಸರಿನ ಬದಲು ಸೆಕ್ಟರ್ ನಂಬರ್. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ನಡುವೆ ಐದು ಮೀಟರೂ ಇಲ್ಲ. ಆ ಐದು ಮೀಟರಿನೊಳಗೆ ಇನ್ನಷ್ಟು ಹಳ್ಳಿಗಳಿವೆ, ಹಳೆಯ ಊರಿನ ಇನ್ನಷ್ಟು ವಾರ್ಡುಗಳಿವೆ.

ಇಷ್ಟನ್ನು ಒಂದು ಅಳುವ ಹಾಡಾಗಿಸುವುದು ಸುಲಭವಿತ್ತು. ಇವರು ಹಾಗೆ ಮಾಡಿಲ್ಲ. ಎರಡನೆಯ ಚರಣದಲ್ಲಿ ಅಕ್ಕ ಬರುತ್ತಾಳೆ. ವಿಜಯಪುರ ಜಿಲ್ಲೆಗೆ ಕೊಟ್ಟ ಅಕ್ಕ, ಬರದ ಹೊಲ, ಅದೇ ಆಲಮಟ್ಟಿಯ ನೀರು ಕಾಲುವೆಯಲ್ಲಿ ಅವಳ ಹೊಲಕ್ಕೆ ಬಂದದ್ದು, ಅವಳು ಕಬ್ಬು ಹಚ್ಚಿದ್ದು. ತವರಿನ ಬಾವಿ ಮುಳುಗಿಸಿದ ನೀರೇ ಗಂಡನ ಮನೆಯ ಬೆಳೆ ಎಬ್ಬಿಸಿತು. ಎರಡನ್ನೂ ಅದೇ ದನಿಯಲ್ಲಿ ಓದುತ್ತಾರೆ. ಎಂಟು ಸಾಲು, ನಡುವೆ ಉಸಿರು ತೆಗೆದುಕೊಂಡದ್ದು ಕೇಳಿಸುವುದೇ ಇಲ್ಲ. ಅದನ್ನು ಕೇಳುವಾಗ ನನ್ನ ಕುತ್ತಿಗೆಯ ನರ ಬಿಗಿದುಕೊಂಡಿತು. ನಮ್ಮ ಯಾವ ಹಾಡಿಗೂ ಕೇಳುಗರ ಕುತ್ತಿಗೆ ಹೀಗೆ ಬಿಗಿದದ್ದನ್ನು ನಾನು ನೋಡಿರಲಿಲ್ಲ. ಕುಣಿದಿದ್ದಾರೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿದ್ದಾರೆ. ಅದು ಬೇರೆ.

ಮೆಸೇಜು ಹಾಕಿದೆ. ಬಹಳ ದಿನ ಉತ್ತರವಿಲ್ಲ. ಆಮೇಲೆ ಅಂಗಡಿಯ ವಿಳಾಸ, ಅದರ ಕೆಳಗೆ ಒಂದೇ ಸಾಲು: "ಮಧ್ಯಾಹ್ನ ಊಟಕ್ಕ ಬರ್ರಿ."

ಯರಗಟ್ಟಿ, ಲೋಕಾಪುರ ದಾಟಿ ಬಾಗಲಕೋಟೆಗೆ ಬಸ್ಸಿನಲ್ಲಿ ಹೋದೆ. ನವನಗರದಲ್ಲಿ ಅವರದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಬ್ಯಾನರು, ಜಾತ್ರೆಯ ಬ್ಯಾನರು, ಶ್ರದ್ಧಾಂಜಲಿಯ ಬ್ಯಾನರು. ಮಷಿನು ಆಚೆ ಈಚೆ ಓಡುತ್ತ ಯಾವುದೋ ಯುವಕ ಮಂಡಳದವರ ಮುಖಗಳನ್ನು ಒಂದೊಂದು ಗೆರೆಯಾಗಿ ಹೊರಗೆ ಬಿಡುತ್ತಿತ್ತು. ಶಾಯಿಯ ಘಾಟು ಕಣ್ಣಿಗೆ ಹತ್ತುತ್ತಿತ್ತು. ನಲವತ್ತರ ಹತ್ತಿರದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್ಲು. "ಬರ್ರಿ ಅಕ್ಕಾರ" ಅಂದವರು ನನ್ನ ವಯಸ್ಸು ಕೇಳಿದ ಮೇಲೆ "ತಂಗಿ"ಗೆ ಇಳಿದರು. ಮನೆಯಿಂದ ಬಂದ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಉಣ್ಣುವಾಗ ಸಂಗೀತದ ಮಾತೇ ಇಲ್ಲ.

ಉಂಡು ಕೈ ತೊಳೆದು ಬಂದು, "ನಿಮ್ಮ ಹಾಡ ಕೇಳೇನಿ" ಅಂದರು. ನಾನು ಕಳಿಸಿದ ರೆಕಾರ್ಡಿಂಗು. "ಎರಡನೇದರಾಗ ಫೌಂಡ್ರಿ ಅಂತ ಏನೋ ಕೇಳಸ್ತು. ಮುಂದ ಏನೈತಿ? ಕುಂತ ದನಿಯಾಗ ಹೇಳು."

ಕೂತ ದನಿಯಲ್ಲಿ ಹೇಳಿದೆ. ಅದು ನಮ್ಮ ಓಣಿಯ ಕಾಕಾನ ಮೇಲೆ ಬರೆದದ್ದು. ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದವರು. ಎರಕದ ಅಚ್ಚಿಗೆ ಬಳಸುವ ಉಸುಕಿನಲ್ಲಿ ಸಿಲಿಕಾ ಇರುತ್ತದೆ. ಅದರ ಸಣ್ಣ ಧೂಳು, ಕಣ್ಣಿಗೆ ಕಾಣದಷ್ಟು ಸಣ್ಣದು, ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತದೆ. ಸಿಲಿಕೋಸಿಸ್. ಒಮ್ಮೆ ಕಟ್ಟಿದ ಕಲೆ ಬಿಟ್ಟುಹೋಗುವುದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ಹಾಡಿನಲ್ಲಿ ನಾನು ಬರೆದದ್ದು ಧೂಳು, ನರಕ, ಬೆಂಕಿ, ರಕ್ತ.

ಅವರು ಕೇಳಿಸಿಕೊಂಡು, "ಎಷ್ಟ ವರ್ಷ ಮಾಡ್ಯಾನ ಕಾಕಾ?" ಅಂದರು.

"ಇಪ್ಪತ್ತಾರು."

"ಈಗ ಮನಿ ಮೆಟ್ಟಲಾ ಹತ್ತತಾನೇನು?"

"ಒಂಬತ್ತು ಮೆಟ್ಟಲಕ್ಕ ನಿಂತಬಿಡ್ತಾರ್ರೀ ಅಣ್ಣಾ. ಕೈ ಗ್ವಾಡಿಗೆ ಇಟ್ಟ, ಸ್ವಲ್ಪ ಹೊತ್ತ ಬಿಟ್ಟ ಮುಂದ ಹತ್ತತಾರ."

"ಅದನ್ನ ಬರಿ. ನರಕ ಎಲ್ಲಾರೂ ಬರೀತಾರ."

ಆಮೇಲೆ ತಮ್ಮ ನೋಟ್‌ಬುಕ್ಕು ತೆಗೆದು ಮುಂದಿಟ್ಟರು. ಶಾಲೆಯ ಮಕ್ಕಳು ಬಳಸುವ ಇನ್ನೂರು ಪುಟದ ರೂಲ್ ಬುಕ್ಕು. ನನ್ನ ಕಣ್ಣಲ್ಲಿ ಇವತ್ತಿಗೂ ನಿಂತಿರುವುದು ಆ ಪುಟಗಳು. ಸಾಲು ನೀಲಿ ಶಾಯಿಯಲ್ಲಿ. ಹಲಗಿಯ ಪೆಟ್ಟು ಬೀಳುವ ಅಕ್ಷರದ ಕೆಳಗೆ ಕೆಂಪು ಚುಕ್ಕೆ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಸಣ್ಣ ಗೆರೆ, ಅದೂ ಎರಡು ತರಹ. ಉದ್ದ ಗೆರೆ ಅಂದರೆ ಬಾಯಿಂದ ಪೂರ್ತಿ, ಗಿಡ್ಡ ಗೆರೆ ಅಂದರೆ ಮೂಗಿನಿಂದ, ಯಾರಿಗೂ ಕೇಳಿಸದ ಹಾಗೆ. ಐನೂರಾ ಹತ್ತೊಂಬತ್ತರ ಹಾಡಿಗೆ ಅಂಥ ಹನ್ನೊಂದು ಪುಟ. ಒಂದು ಸಾಲಿನಲ್ಲಿ "ಸುಡುವ ಕಣ್ಣೀರು" ಅಂತಿದ್ದದ್ದನ್ನು ಹೊಡೆದುಹಾಕಿ ಮೇಲೆ "ಹಿತ್ತಲದ ಬಾವಿ" ಅಂತ ಬರೆದಿದ್ದರು. ಇನ್ನೊಂದು ಕಡೆ ಒಂದು ಇಡೀ ಚರಣ ಹೊಡೆದುಹಾಕಿ ಪಕ್ಕದಲ್ಲಿ ಬರೆದ ಕಾರಣ: "ಖರೆ, ಆದರ ನಮ್ಮ ಮನಿದಲ್ಲ."

ಅಣೆಕಟ್ಟಿನ ಮಟ್ಟವನ್ನು ಬರೆದ ಮನುಷ್ಯ ತನ್ನ ಉಸಿರನ್ನೂ ಅದೇ ಶ್ರದ್ಧೆಯಿಂದ ಅಳೆದಿದ್ದರು. ನಾನು ಮೆಚ್ಚಿದ ಆ ಸಿಟ್ಟು ಎಲ್ಲಿಂದ ಬರುತ್ತಿತ್ತು ಅನ್ನುವುದು ಈ ಪುಟಗಳಲ್ಲಿತ್ತು. ಕೇಳಿಯೂ ಬಿಟ್ಟೆ, ಸಿಟ್ಟು ಬಂದಾಗಲೇ ಬರೆಯುತ್ತೀರಾ ಅಂತ.

"ಸಿಟ್ಟ ಬಂದಾಗ ಉಸರ ಗಿಡ್ಡ ಆಗತೈತಿ, ತಂಗಿ. ಎಂಟ ಸಾಲ ಹೇಳಾಕ ಆಗೂದಿಲ್ಲ. ಕೇಳಾವಗ ಸಿಟ್ಟ ಬರಬೇಕಂದ್ರ ಹೇಳಾಂವ ಎಂಟೂ ಸಾಲ ಮುಗಸಬೇಕಲ್ಲ?"

ಇದನ್ನು ಅವರು ಕಲಿತದ್ದು ಎಲ್ಲೋ ದೂರದ ರೆಕಾರ್ಡುಗಳಿಂದ ಇರಬೇಕು ಅಂದುಕೊಂಡಿದ್ದೆ. ಕೇಳಿದರೆ ಸೋದರತ್ತೆಯ ಹೆಸರು ಹೇಳಿದರು. ಅತ್ತೆ ನಾಗೇಶಿ ಮೇಳದಲ್ಲಿ ಹಿಮ್ಮೇಳದವರಂತೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ನೋಡಿದವರಿಗೆ ಗೊತ್ತು. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಸವಾಲು, ಜವಾಬು, ಬೆಳಗಿನ ತನಕ. ದಪ್ಪು, ತುಂತುಣಿ, ತಾಳ. ಮುಂದಿನವರು ಸಾಲು ಎತ್ತುತ್ತಾರೆ, ಸಾಲಿನ ಕೊನೆಯನ್ನು ಹಿಂದಿನ ಇಬ್ಬರು ಹಿಡಿದು ಗೀ ಗೀ ಅಂತ ಎಳೆಯುತ್ತಾರೆ. ಗೀಗೀ ಪದವನ್ನು ರ‍್ಯಾಪಿನ ಅಣ್ಣನೋ ತಮ್ಮನೋ ಎಂದು ಸಂಬಂಧ ಹಚ್ಚುವ ಮಾತು ನಾನು ಬೇಕಾದಷ್ಟು ಕೇಳಿದ್ದೇನೆ, ಇಬ್ಬರು ಎದುರುಬದುರು ನಿಂತು ಪ್ರಾಸದಲ್ಲಿ ಜಗಳಾಡುತ್ತಾರೆ ಅನ್ನುವ ಕಾರಣಕ್ಕೆ. ಅವರಿಗೆ ಆ ಹೋಲಿಕೆಯಲ್ಲಿ ಆಸಕ್ತಿಯೇ ಇರಲಿಲ್ಲ. ಅವರು ಅತ್ತೆಯಿಂದ ತಿಳಿದುಕೊಂಡದ್ದು ಒಂದು ಕೆಲಸದ ವಿಷಯ. ಹಿಮ್ಮೇಳದವರು ಆ ಕೊನೆಯನ್ನು ಎಳೆಯುವಷ್ಟು ಹೊತ್ತು ಮುಂದೆ ನಿಂತವರಿಗೆ ಉಸಿರು ಸಿಗುತ್ತದೆ. ರಾತ್ರಿಯಿಡೀ ಹಾಡುವುದಕ್ಕೆ ಗಂಟಲು ಸಾಲದು, ಹಿಂದೆ ಇಬ್ಬರು ಬೇಕು.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಹಾರ್ಡ್‌ಕೋರಿನಲ್ಲಿ ಗ್ಯಾಂಗ್ ವೋಕಲ್ ಅನ್ನುವುದು ಇದೇ. ಹಾಡುವವಳು ಸಾಲಿನ ಅರ್ಧ ಕೂಗಿದರೆ ಉಳಿದ ಅರ್ಧವನ್ನು ಬ್ಯಾಂಡಿನವರು, ಎದುರಿಗೆ ನಿಂತವರು ಎಲ್ಲ ಸೇರಿ ಕೂಗುತ್ತಾರೆ. ಒಗ್ಗಟ್ಟಿನ ಗುರುತು ಅಂತ ಅದನ್ನು ಹೊಗಳುತ್ತೇವೆ, ಹೌದು. ಜೊತೆಗೆ ಅಷ್ಟು ವೇಗದಲ್ಲಿ ಆ ಅರ್ಧ ಸಾಲು ಸಿಗದಿದ್ದರೆ ಹಾಡುವವಳ ಎದೆ ಖಾಲಿಯಾಗುತ್ತದೆ. ನ್ಯೂಯಾರ್ಕಿನ ಬೀಸ್ಟಿ ಬಾಯ್ಸ್ 1981ರಲ್ಲಿ ಶುರುವಾದದ್ದು ಹಾರ್ಡ್‌ಕೋರ್ ಬ್ಯಾಂಡಾಗಿ. ಆಮೇಲೆ ರ‍್ಯಾಪಿಗೆ ಹೋದಾಗ ಮೂವರು ಒಬ್ಬರ ಸಾಲನ್ನು ಇನ್ನೊಬ್ಬರು ಮುಗಿಸುತ್ತ ಹಾಡಿದರು. ಆ ಪದ್ಧತಿ ಅವರಿಗೆ ಹೇಗೆ ಕೈಗೆ ಬಂದಿರಬೇಕು ಅನ್ನುವುದು ಫ್ಲೆಕ್ಸ್ ಅಂಗಡಿಯಲ್ಲಿ ಕೂತು ನನಗೆ ಹೊಳೆಯಿತು. ಹಾಗೇ ಬ್ಯಾಡ್ ಬ್ರೇನ್ಸ್. ವಾಷಿಂಗ್ಟನ್ನಿನ ಆ ನಾಲ್ವರು ಕಪ್ಪು ಸಂಗೀತಗಾರರು ಹಾರ್ಡ್‌ಕೋರಿಗೆ ವೇಗ ಕಲಿಸಿದವರು. ಅದಕ್ಕೂ ಮೊದಲು ಅವರು ಜಾಝ್ ಫ್ಯೂಷನ್ ನುಡಿಸುತ್ತಿದ್ದರು. ಅಷ್ಟು ಜೋರಾಗಿ ಓಡುವಾಗಲೂ ಒಂದು ಪೆಟ್ಟು ಆಚೀಚೆ ಆಗದಿರುವುದಕ್ಕೆ ಆ ಅಭ್ಯಾಸ ಕಾರಣ ಅಂತ ನಾನು ನಂಬಿದ್ದೇನೆ. ಹುಚ್ಚು ಆವೇಶ ಅಂತ ಹೊರಗಿನವರಿಗೆ ಕಾಣುವುದರೊಳಗೆ ಎಣಿಕೆ ಇರುತ್ತದೆ.

ಅವರಿಗೆ ಇದನ್ನೆಲ್ಲ ಹೇಳಿದೆ. ಬ್ಯಾಡ್ ಬ್ರೇನ್ಸ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, ಎಡಗೈ ಬೆರಳಲ್ಲಿ ಕೌಂಟರಿನ ಮೇಲೆ ಕುಟ್ಟುತ್ತ, "ಇಂವಾ ಡ್ರಮ್ಮಿನಾಂವ ಓಡಾಕತ್ತಿಲ್ಲ, ನಿಂತಾನ" ಅಂದರು. ಅಷ್ಟು ಸರಿಯಾದ ಮಾತನ್ನು ಆ ಡ್ರಮ್ಮರ್ ಬಗ್ಗೆ ನಾನು ಎಲ್ಲೂ ಓದಿಲ್ಲ.

ಸಂಜೆ ಹಳೆಯ ಊರಿಗೆ ಕರಕೊಂಡು ಹೋದರು. ಹಿನ್ನೀರಿನ ದಂಡೆಗೆ ಹೋಗಿ ಅಜ್ಜನ ಹಿತ್ತಲ ಎಲ್ಲಿತ್ತು ಅಂತ ಬೆರಳು ಮಾಡಿ ತೋರಿಸಿದರು. ನೀರು ಬಿಟ್ಟರೆ ನನಗೆ ಅಲ್ಲಿ ಏನೂ ಕಾಣಲಿಲ್ಲ. ಅವರೂ ಅದರ ಮೇಲೆ ಮಾತು ಬೆಳೆಸಲಿಲ್ಲ. ಹೆಚ್ಚು ಹೊತ್ತು ನಿಂತದ್ದು ಕಿಲ್ಲಾದ ಓಣಿಯಲ್ಲಿ. ಹಾಡಿನ ಹಲಗಿ ಅಲ್ಲಿಯದು. ಬಾಗಲಕೋಟೆಯ ಹೋಳಿ ಹೆಸರಾದದ್ದು ಬಣ್ಣಕ್ಕೆ ಮಾತ್ರ ಅಲ್ಲ, ಹಲಗಿಗೂ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಒಂದೊಂದು ಪೇಟೆಯವರದೂ ಹಲಗಿ ಮಜಲು, ಅಂದರೆ ಹಲಗಿ ನುಡಿಸುವ ತಂಡ. ಬೆಂಕಿ ಹಾಕಿ ಚರ್ಮ ಕಾಸಿ ಬಿಗಿ ಮಾಡುತ್ತಾರೆ, ಸದ್ದು ಇಳಿಯಿತು ಅಂದರೆ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಇವರು ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಆಗತಾನೆ ಕಾಸಿ ತಂದ ಹಲಗಿಯ ಮೊದಲ ಪೆಟ್ಟುಗಳನ್ನು. ಅದಕ್ಕೇ ಆ ಬೀಟಿನಲ್ಲಿ ಅಷ್ಟು ಚುರುಕು. ಆಮೇಲೆ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಹಾಕಿ ಕತ್ತರಿಸಿ, ಸುತ್ತು ಮಾಡಿದ್ದಾರೆ. ಊರು ಸ್ಥಳಾಂತರವಾದರೂ ಹೋಳಿಗೆ ನವನಗರದ ಮಂದಿ ಹಲಗಿ ತಗೊಂಡು ಹಳೆಯ ಪೇಟೆಗೇ ಬರುತ್ತಾರಂತೆ.

ರ‍್ಯಾಪ್ ಹುಟ್ಟಿದ ಕಡೆಯ ಕಥೆಯೂ ಇದಕ್ಕೆ ದೂರದ್ದಲ್ಲ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹೆದ್ದಾರಿಯೊಂದನ್ನು ಊರಿನ ನಡುವೆ ಸೀಳಿಕೊಂಡು ತಂದಾಗ ಸಾವಿರಾರು ಮಂದಿ ಮನೆ ಬಿಟ್ಟರು. ಅದೇ ಬ್ರಾಂಕ್ಸಿನ ಒಂದು ವಸತಿ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಮಾಡಿದ ಪಾರ್ಟಿಯಿಂದ ಹಿಪ್‌ಹಾಪಿನ, ಅಂದರೆ ರ‍್ಯಾಪ್ ಹುಟ್ಟಿದ ಸಂಗೀತದ, ವಯಸ್ಸು ಎಣಿಸುತ್ತಾರೆ. ನವನಗರದ ಸೆಕ್ಟರಿನಲ್ಲಿ ಕೂತು ಒಬ್ಬರು ಇದನ್ನು ಕೈಗೆತ್ತಿಕೊಂಡದ್ದರಲ್ಲಿ ನನಗೆ ಅನುಕರಣೆ ಕಾಣುವುದಿಲ್ಲ.

ಬೆಳಗಾವಿಗೆ ಬರ್ರಿ ಅಣ್ಣಾ, ನಮ್ಮ ಜೊತೆ ಒಮ್ಮೆ ನುಡಿಸಿ ನೋಡೋಣ ಅಂದೆ. ಮಷಿನಿನ ಹೆಡ್ಡು ರಿಪೇರಿಗೆ ಬರುವುದಿದೆ, ಆವಾಗ ಬರುತ್ತೇನೆ ಅಂದರು. ಬಂದರು.

ನನಗೆ ಒಂದು ಅಳುಕಿತ್ತು. 1981ರಲ್ಲಿ ಇಂಗ್ಲೆಂಡಿನ ಪಂಕ್ ಬ್ಯಾಂಡು ದಿ ಕ್ಲ್ಯಾಷ್ ನ್ಯೂಯಾರ್ಕಿನ ಬಾಂಡ್ಸ್ ಅನ್ನುವ ಸಭಾಂಗಣದಲ್ಲಿ ಕಾರ್ಯಕ್ರಮ ಕೊಟ್ಟಾಗ, ತಮಗಿಂತ ಮೊದಲು ಹಿಪ್‌ಹಾಪಿನ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಅವರ ರ‍್ಯಾಪ್ ತಂಡವನ್ನು ವೇದಿಕೆಗೆ ಕರೆದಿದ್ದರು. ಪಂಕ್ ಕೇಳಲು ಬಂದ ಜನ ಅವರನ್ನು ಕೂಗಿ ಗೇಲಿ ಮಾಡಿ, ಸಾಮಾನು ಎಸೆದು ಇಳಿಸಿದರು. ಪಂಕಿನವರೆಂದರೆ ಮನಸ್ಸು ದೊಡ್ಡದು ಎಂದುಕೊಳ್ಳುವವರು ಆ ರಾತ್ರಿಯನ್ನು ಮರೆಯಬಾರದು ಅಂತ ನನ್ನ ಅಭಿಪ್ರಾಯ. ನಮ್ಮ ಶೆಡ್ಡಿಗೆ ಬರುವುದು ಇಪ್ಪತ್ತು ಮೂವತ್ತು ಮಂದಿ. ಕಾಲೇಜಿನ ಹುಡುಗರು, ಫೌಂಡ್ರಿಯ ಹುಡುಗರು, ವಡಗಾವಿಯ ಮಗ್ಗದ ಮನೆಗಳ ಇಬ್ಬರು ಹುಡುಗಿಯರು. ಅರ್ಧದಷ್ಟು ಮಂದಿ ಮನೆಯಲ್ಲಿ ಮರಾಠಿ ಆಡುವವರು. ಈ ಊರಿನಲ್ಲಿ ಯಾವ ಭಾಷೆಯಲ್ಲಿ ಮೈಕು ಹಿಡಿಯುತ್ತೀರಿ ಅನ್ನುವುದು ಎಷ್ಟು ಬೇಗ ಬೇರೆ ಜಗಳವಾಗುತ್ತದೆ ಅಂತ ಬೆಳಗಾವಿಯವರಿಗೆ ಗೊತ್ತು.

ಮೊದಲು ತಾಳ ಹೊಂದಿಸಿದೆವು. ಅವರ ಹಾಡು ನಿಮಿಷಕ್ಕೆ 96, ನಮ್ಮದು 192. ಸರಿಯಾಗಿ ಎರಡು ಪಟ್ಟು. ಹಾಗಾಗಿ ಡ್ರಮ್ಮರ್ ತನ್ನ ವೇಗದಲ್ಲೇ ಓಡಬಹುದು, ಅವರು ತಮ್ಮ ನಡಿಗೆಯಲ್ಲೇ ಮಾತಾಡಬಹುದು, ಇಬ್ಬರೂ ಒಂದೇ ಪೆಟ್ಟಿಗೆ ಬಂದು ಸೇರುತ್ತಾರೆ. ಮೊದಲ ಸಲ ಕಿವಿಗೆ ಚೆನ್ನಾಗಿಯೇ ಬಿತ್ತು. ಅವರು ಮೈಕು ಕೆಳಗಿಟ್ಟು, ಗಿಟಾರಿನವನ ಕಡೆ ತಿರುಗಿ, "ತಮ್ಮಾ, ನಾಕ ಸಾಲ ನೀ ಬಿಡು" ಅಂದರು. ಬಿಡು ಅಂದರೆ? "ನುಡಸಬ್ಯಾಡ. ಐನೂರಾ ಇಪ್ಪತ್ನಾಕ ಅಂದ ಮ್ಯಾಲೆ ಬಾ." ಹಾರ್ಡ್‌ಕೋರ್ ಗಿಟಾರಿಗೆ ಅಷ್ಟು ಹೊತ್ತು ಸುಮ್ಮನಿರು ಅನ್ನುವುದು ಸಣ್ಣ ಬೇಡಿಕೆಯಲ್ಲ. ಅವನು ನನ್ನ ಮುಖ ನೋಡಿದ. ಬಿಟ್ಟ. ಡ್ರಮ್ಮು, ನನ್ನ ಬೇಸು, ಆ ಓದುವ ದನಿ, ನಾಲ್ಕು ಸಾಲು. ಆಮೇಲೆ ಗಿಟಾರು ಬಂದು ಬಿದ್ದಾಗ ತಗಡು ನಡುಗಿತು. ಅಷ್ಟೇ ವಾಲ್ಯೂಮು, ಅದೇ ಆಂಪ್ಲಿಫೈಯರು, ಆದರೂ ಮೊದಲಿಗಿಂತ ಎರಡು ಪಟ್ಟು ದೊಡ್ಡದಾಗಿ ಕೇಳಿಸಿತು.

ಫೌಂಡ್ರಿಯ ಹಾಡನ್ನೂ ಅವತ್ತೇ ನುಡಿಸಿದೆವು, ಹೊಸ ಸಾಲುಗಳಲ್ಲಿ. "ಇಪ್ಪತ್ತಾರು ವರ್ಷ ಉಸುಕ ಬಡದಾಂವ, ಒಂಬತ್ತ ಮೆಟ್ಟಲಕ ನಿಂತಾನ." ಒಂಬತ್ತು ಎಣಿಸುವಷ್ಟು ಹೊತ್ತು ಎಲ್ಲ ನಿಲ್ಲುತ್ತದೆ, ಆಮೇಲೆ ಎಲ್ಲರೂ ಸೇರಿ ಹತ್ತನ್ನು ಕೂಗಬೇಕು. ಮೂಲೆಯಲ್ಲಿ ನಿಂತಿದ್ದ ಫೌಂಡ್ರಿಯ ಹುಡುಗನೊಬ್ಬ ಎರಡನೆಯ ಸುತ್ತಿಗೆ ಎಲ್ಲರಿಗಿಂತ ಮೊದಲು ಹತ್ತು ಅಂದ. ನಾನು ಕೂಗುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಈಗ ಕೂಗುವ ಮೊದಲು ಪೆನ್ಸಿಲ್ಲಿನ ಗೆರೆ ಹಾಕಿಕೊಳ್ಳುತ್ತೇನೆ.

ಅಸಲು ಮಾತು ನುಡಿಸಾಣಿಕೆ ಮುಗಿದ ಮೇಲೆ ಬಂತು. ಚಹಾ ತಂದಿದ್ದರು. ಡ್ರಮ್ಮರ್ ಅದುವರೆಗೂ ಸುಮ್ಮನಿದ್ದವನು, ಕಡ್ಡಿಗಳನ್ನು ಚೀಲಕ್ಕೆ ಹಾಕುತ್ತ ಹೇಳಿದ:

"ಅಣ್ಣಾ, ನಮ್ಮ ಮಾವಶಿ ಮನಿ ಸಾಂಗ್ಲಿದಾಗ ಐತಿ. 2019ರಾಗ ಮಾಳಿಗಿ ಮ್ಯಾಲಿಂದ ಬೋಟಿನ್ಯಾಗ ಇಳಿಸಿದ್ರು. ಅಲ್ಲಿ ಮಂದಿ ಎಲ್ಲಾ ಆಲಮಟ್ಟಿಗೇ ಬೈತಾರ."

ಶೆಡ್ಡಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಆ ವರ್ಷದ ಆಗಸ್ಟಿನಲ್ಲಿ ಕೃಷ್ಣೆ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದ ಕಡೆಯೂ ಹೊಕ್ಕಳು, ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಿಗೂ ಹೊಕ್ಕಳು. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 45 ಅಡಿ ಅಂದರೆ ಅಪಾಯದ ಮಟ್ಟ, ಆಗ ನೀರು 57 ಅಡಿ ದಾಟಿತ್ತು. ಆಲಮಟ್ಟಿಯ ಹಿನ್ನೀರಿನಿಂದಲೇ ತಮ್ಮ ಊರು ಮುಳುಗುತ್ತದೆ, ಇನ್ನು ಎತ್ತರಿಸಬಾರದು ಅನ್ನುವುದು ಅಲ್ಲಿಯವರ ವಾದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನುವುದು ಈಚೆಯವರ ವಾದ. ಈ ವಾದಕ್ಕೆ ಎಷ್ಟು ಬಸ್ಸಿಗೆ ಕಲ್ಲು ಬೀಳಬಹುದು ಅಂತ ಲೆಕ್ಕ ಹಾಕಬಲ್ಲ ಊರಿನಲ್ಲಿ ನಾವು ಕೂತಿದ್ದೆವು.

ನವನಗರದವರು ಚಹಾದ ಲೋಟ ಕೆಳಗಿಟ್ಟರು. ಆಲಮಟ್ಟಿಯ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು, "ಮಾವಶಿ ಮನ್ಯಾಗ ನೀರ ಎಲ್ಲಿ ತನಕ ಬಂದಿತ್ತು?" ಅಂತ ಕೇಳಿದರು.

"ದೇವರ ಮಾಡದ ಮ್ಯಾಲೆ."

"ಮಾಡ ನೆಲದಿಂದ ಎಷ್ಟ ಅಡಿ?"

ಅವನಿಗೆ ಗೊತ್ತಿರಲಿಲ್ಲ. "ಗುರುತ ಐತಿ. ಬಣ್ಣಾ ಹೊಡಿಯಾಕ ಬಿಟ್ಟಿಲ್ಲ ಆಕಿ."

"ಅಳದು ತಗೊಂಡ ಬಾ. ಮರಾಠಿಯೊಳಗ ಬರಿ. ನೀನ ಹೇಳಬೇಕು ಅದನ್ನ."

ಅವನು ಬ್ಯಾಂಡಿನಲ್ಲಿ ಇದುವರೆಗೆ ಒಂದು ಶಬ್ದ ಹಾಡಿದವನಲ್ಲ. ಡ್ರಮ್ಮು ಹೊಡೆಯುತ್ತ ಹೇಳುವುದು ಹೇಗೆ, ಉಸಿರು ಎಲ್ಲಿಂದ ತರುವುದು ಅಂತ ಕೇಳಿದ. ಅದಕ್ಕೆ ಅವರು ಉಳಿದ ನಮ್ಮನ್ನು ತೋರಿಸಿ, ಸಾಲಿನ ಕೊನೆ ಇವರು ಹಿಡಿಯುತ್ತಾರೆ ಅಂದರು. ಮರಾಠಿಯಲ್ಲಿ ಹಿಡಿಯಬೇಕು ಅನ್ನುವುದು ಗಿಟಾರಿನವನಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಅವನದು ಸವದತ್ತಿ ಕಡೆಯ ಊರು. ಸಾಂಗ್ಲಿಯ ಚರಣ ಮೊದಲು ಬರಬೇಕೋ ಬಾಗಲಕೋಟೆಯದು ಮೊದಲು ಬರಬೇಕೋ ಅಂತ ರಾತ್ರಿ ಕೊನೆಯ ಬಸ್ಸಿನ ಹೊತ್ತಿನ ತನಕ ಚರ್ಚೆಯಾಯಿತು. ನದಿ ಮೇಲಿನಿಂದ ಕೆಳಗೆ ಹರಿಯುವುದರಿಂದ ಸಾಂಗ್ಲಿ ಮೊದಲು ಅಂತ ಅವರೇ ತೀರ್ಮಾನ ಕೊಟ್ಟರು.

ಹೋಳಿಗೆ ಮೊದಲು ಶೆಡ್ಡಿನಲ್ಲೇ ರೆಕಾರ್ಡ್ ಮಾಡುತ್ತೇವೆ. ಹಲಗಿಯವರನ್ನು ಕಿಲ್ಲಾದಿಂದ ಕರೆತರುವ ಜವಾಬ್ದಾರಿ ಅವರದು, ಬೆಂಕಿ ಹಾಕಲು ಶೆಡ್ಡಿನ ಹೊರಗೆ ಜಾಗ ಮಾಡುವುದು ನಮ್ಮದು. ಡ್ರಮ್ಮರ್ ಬರುವ ರವಿವಾರ ಮಾವಶಿಯ ಮನೆಗೆ ಹೋಗುತ್ತಾನೆ. ಕಂಪನಿಯ ಟೇಪು ಹೊರಗೆ ಕೊಡುವಂತಿಲ್ಲ, ನನ್ನ ಸ್ವಂತದ್ದು ಕೊಟ್ಟು ಕಳಿಸಿದ್ದೇನೆ. ಅಡಿಯಲ್ಲಿ ಬೇಡ, ಮಿಲಿಮೀಟರಿನಲ್ಲಿ ಬರಕೊಂಡು ಬಾ ಅಂದಿದ್ದೇನೆ.